ಬಾಣ ಬಿಡುವ ಹೊತ್ತು

ಬಿಲ್ಲುವಿದ್ಯೆ ಎಂದೊಡನೆ ನಮಗೆಲ್ಲ ನೆನಪಾಗುವುದು ದ್ರೋಣರ ಪರೀಕ್ಷೆ. ಮರ ಕಾಣುವುದಿಲ್ಲ, ಕೊಂಬೆ ಕಾಣುವುದಿಲ್ಲ, ಹಕ್ಕಿಯ ಕಣ್ಣೊಂದೇ ಕಾಣುತ್ತದೆ ಎಂದ ಅರ್ಜುನ ಪಾಸಾದ. ಶಾಲೆಯ ಗೋಡೆಗೆ ಚೆಂದದ ಕತೆ. ಮೈದಾನಕ್ಕಿಳಿದರೆ ಅರ್ಧ ಪಾಠ ಮಾತ್ರ. ಒಲಿಂಪಿಕ್ಸ್‌ನ ರಿಕರ್ವ್ (ತುದಿಗಳು ಹೊರಕ್ಕೆ ಬಾಗಿದ ಬಿಲ್ಲಿನ) ಸ್ಪರ್ಧೆಯಲ್ಲಿ ಗುರಿ ಇರುವುದು 70 ಮೀಟರ್ ದೂರದಲ್ಲಿ. ಅದರ ಅಗಲ 122 ಸೆಂ.ಮೀ., ಹತ್ತು ಅಂಕದ ವೃತ್ತ ಬರೀ 12.2 ಸೆಂ.ಮೀ. ಬಾಣದ ದಿಕ್ಕು ಒಂದು ಡಿಗ್ರಿ ತಪ್ಪಿದರೂ ಅಷ್ಟು ದೂರ ಹೋಗುವ ಹೊತ್ತಿಗೆ ಅದು ನಡುವಿನಿಂದ 122 ಸೆಂ.ಮೀ. ಆಚೆ ಇರುತ್ತದೆ, ಅಂದರೆ ಗುರಿಯಿಂದಲೇ ಹೊರಗೆ. ಕಣ್ಣು ಎಷ್ಟೇ ಚುರುಕಾಗಿರಲಿ, ಸುಮಾರು ಇಪ್ಪತ್ತು ಕಿಲೋ ಬಿಗಿಯನ್ನು ಮೂರು ಬೆರಳಲ್ಲಿ ಹಿಡಿದ ಮೈ ಅಲುಗದೆ ನಿಲ್ಲಲಾರದು. ಗುರಿ ಹಿಡಿಯಲು ಬಿಲ್ಲಿಗಿರುವ ಸೈಟಿನ ಚುಕ್ಕೆ ನಡುವಿನ ಹಳದಿ ವೃತ್ತದ ಮೇಲೆ ತೇಲುತ್ತಲೇ ಇರುತ್ತದೆ. ಗುರಿ ಸುಧಾರಿಸಬೇಕು ಎನ್ನುವವರು ಮೊದಲು ತಿದ್ದಬೇಕಾದದ್ದು ಬಾಣ ಬಿಡುವ ಹೊತ್ತನ್ನು ಎಂಬ ನನ್ನ ವಾದ ಹುಟ್ಟುವುದು ಇಲ್ಲಿಂದಲೇ.

ಹೊಸಬರು ಮಾಡುವ ತಪ್ಪು ಸರಳ. ಚುಕ್ಕೆ ನಟ್ಟನಡುವೆ ಬಂದು ನಿಲ್ಲಲಿ ಎಂದು ಕಾಯುತ್ತಾರೆ. ಅದು ನಿಲ್ಲುವುದಿಲ್ಲ, ಸೆಕೆಂಡುಗಳು ಉರುಳುತ್ತವೆ, ಭುಜ ಸೋಲುತ್ತದೆ, ಹಾದುಹೋಗುವ ಚುಕ್ಕೆಯನ್ನು ಹಿಡಿಯುವ ಆತುರದಲ್ಲಿ ಬೆರಳು ಹೆದೆಯನ್ನು ಕಿತ್ತುಬಿಡುತ್ತದೆ. ಇದು ಚಟವಾಗಿ ಅಂಟಿಕೊಂಡರೆ ‘ಟಾರ್ಗೆಟ್ ಪ್ಯಾನಿಕ್’: ಗುರಿ ಕಂಡೊಡನೆ ಕೈ ಹೇಳಿದ ಮಾತು ಕೇಳುವುದಿಲ್ಲ. ರಿಕರ್ವ್ ಬಿಲ್ಲಿನ ಹಿಡಿಯ ಮೇಲ್ಭಾಗದಲ್ಲಿರುವ ಕ್ಲಿಕ್ಕರ್ ಎಂಬ ತೆಳು ಪಟ್ಟಿ ಇರುವುದು ಇದಕ್ಕೇ. ಬಾಣ ಅದರಡಿಯಲ್ಲಿ ಕೂತಿರುತ್ತದೆ. ಬೆನ್ನಿನ ಬಲದಿಂದ ಕೊನೆಯ ಒಂದೆರಡು ಮಿಲಿಮೀಟರ್ ಎಳೆದಾಗ ಮೊನೆ ಜಾರಿ ಪಟ್ಟಿ ‘ಟಿಕ್’ ಎನ್ನುತ್ತದೆ, ಬೆರಳು ಸಡಿಲುತ್ತವೆ. ಬಿಡುವ ತೀರ್ಮಾನ ಕಣ್ಣಿನಿಂದ ಬೆನ್ನಿಗೆ ವರ್ಗವಾಯಿತು. ಒಳ್ಳೆಯ ಕೋಚ್‌ಗಳು ಗುರಿಯ ಹಾಳೆಯನ್ನೇ ಕಿತ್ತುಹಾಕಿ, ನಾಲ್ಕೈದು ಹೆಜ್ಜೆ ದೂರದ ಬರಿಯ ಹುಲ್ಲಿನ ಹಲಗೆಗೆ ಹೊಡೆಸುವುದೂ ಇದೇ ಕಾರಣಕ್ಕೆ. ಹೊಡೆಯಲು ಏನೂ ಇಲ್ಲದಿದ್ದಾಗ ಮೈಗೆ ಲಯ ಸಿಗುತ್ತದೆ.

ನಮ್ಮ ರಿಕರ್ವ್ ಬಿಲ್ಲುಗಾರ್ತಿ ದೀಪಿಕಾ ಕುಮಾರಿಯವರ 2021ನ್ನೇ ನೋಡಿ. ಜೂನ್ ಕೊನೆಯಲ್ಲಿ ಪ್ಯಾರಿಸ್ ವಿಶ್ವಕಪ್‌ನಲ್ಲಿ ಒಂದೇ ದಿನ ಮೂರು ಚಿನ್ನ. ಜುಲೈ ಕೊನೆಯಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಕೊರಿಯಾದ ಆನ್ ಸಾನ್ ಎದುರು 0-6. ಮೊದಲ ಸೆಟ್ಟಿನಲ್ಲಿ ಆನ್ ಸಾನ್ ಮೂವತ್ತಕ್ಕೆ ಮೂವತ್ತು ಹೊಡೆದರು, ಸರಿ. ಆದರೆ ಉಳಿದೆರಡು ಸೆಟ್ಟುಗಳಲ್ಲಿ ಅವರದೂ 26 ಮಾತ್ರ. ದೀಪಿಕಾ ಎರಡರಲ್ಲೂ 24. ಗೆಲ್ಲಬಹುದಾಗಿದ್ದ ಸೆಟ್ಟುಗಳು. ಒಂದು ತಿಂಗಳಲ್ಲಿ ಯಾರ ಕಣ್ಣೂ ಮಂಜಾಗುವುದಿಲ್ಲ. ಬದಲಾದದ್ದು, ಪ್ರತಿ ಬಾಣಕ್ಕೆ 20 ಸೆಕೆಂಡಿನ ಗಡಿಯಾರ ಓಡುತ್ತಿರುವಾಗ ಒಳಗಿನ ಲಯ ಎಂದೇ ನನಗನ್ನಿಸುತ್ತದೆ. ಒಂದು ಪಂದ್ಯದಿಂದ ಏನು ಸಾಬೀತಾದೀತು, ಗಾಳಿಯೂ ಇತ್ತಲ್ಲ ಎನ್ನಬಹುದು. ಗಾಳಿ ಇಬ್ಬರಿಗೂ ಬೀಸುತ್ತದೆ. ಅದು ತಗ್ಗುವವರೆಗೆ ಕಾಯುವುದೋ ಬಿಡುವುದೋ ಎಂಬುದೂ ಹೊತ್ತಿನ ಪ್ರಶ್ನೆಯೇ. ಇನ್ನೊಂದು ಸಾಕ್ಷಿ ಕಾಂಪೌಂಡ್ ಬಿಲ್ಲಿನದು. ಅಲ್ಲಿ ಪೂರ್ತಿ ಎಳೆದ ಮೇಲೆ ಗಾಲಿಗಳು ಭಾರದ ಬಹುಪಾಲನ್ನು ಹೊತ್ತುಕೊಳ್ಳುತ್ತವೆ, ಹೆದೆ ಬಿಡುವುದೂ ಯಂತ್ರವೇ, ಕಾಯಲು ಪುರುಸೊತ್ತುಂಟು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್‌ನ ಐದಕ್ಕೆ ಐದು ಚಿನ್ನವೂ ನಮ್ಮದಾಯಿತು. ರಿಕರ್ವ್‌ನಲ್ಲಿ 1988ರಿಂದ ಒಲಿಂಪಿಕ್ಸ್‌ಗೆ ಹೋಗುತ್ತಿದ್ದರೂ ಒಂದೂ ಪದಕವಿಲ್ಲ. ರಿಕರ್ವ್‌ನಲ್ಲಿ ಪೈಪೋಟಿ ಹೆಚ್ಚು, ಕೊರಿಯನ್ನರ ಪ್ರಾಣವೇ ಅದರಲ್ಲಿದೆ ಎಂಬುದು ನಿಜ, ಒಪ್ಪೋಣ. ಆದರೂ ಅಂತರದ ಒಂದು ಪಾಲು ಆ ಕೊನೆಯ ಸೆಕೆಂಡುಗಳಲ್ಲಿದೆ.

ಗುಜರಾತಿಗೆ ಈ ಮಾತು ಈಗ ಮುಖ್ಯ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಒಲಿದಿದೆ; ಊರ ತುಂಬ ಸ್ಟೇಡಿಯಂ ಮಾತು. ಇತ್ತ ವಡೋದರದ ಅಲ್ಕಾಪುರಿಯ ಶೋರೂಮುಗಳನ್ನು ಬಿಟ್ಟು ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ, 2013ರಲ್ಲಿ ವಡೋದರದಿಂದ ಬೇರೆಯಾದ ಛೋಟಾ ಉದೇಪುರ ಜಿಲ್ಲೆ. ಅಲ್ಲಿನ ರಾಠವಾ, ಭಿಲ್ ಆದಿವಾಸಿ ಮನೆಗಳಲ್ಲಿ ಬಿಲ್ಲು ಹೊಸ ವಸ್ತುವೇನಲ್ಲ. ಆ ಮಕ್ಕಳಿಗೆ ಗುರಿ ರಕ್ತದಲ್ಲೇ ಇದೆ, ಬಿಲ್ಲು ಕೊಟ್ಟರೆ ಸಾಕು ಎಂಬ ಹೊಗಳಿಕೆ ಕಿವಿಗೆ ಇಂಪು, ಕೆಲಸಕ್ಕೆ ಬಾರದು. ಪಕ್ಕದ ರಾಜಸ್ಥಾನದ ಆದಿವಾಸಿ ಹುಡುಗ ಲಿಂಬಾ ರಾಮ್ 1992ರಲ್ಲಿ ಬೀಜಿಂಗ್‌ನಲ್ಲಿ 30 ಮೀಟರ್ ವಿಭಾಗದಲ್ಲಿ 360ಕ್ಕೆ 358 ಹೊಡೆದು ವಿಶ್ವದಾಖಲೆ ಸರಿಗಟ್ಟಿದರು. ಮೂರು ಒಲಿಂಪಿಕ್ಸ್‌ನಿಂದ ಬರಿಗೈಯಲ್ಲಿ ಮರಳಿದರು. ಅವರ ಗುರಿಯ ಬಗ್ಗೆ ಯಾರಿಗೆ ಅನುಮಾನ? (ಏಕಲವ್ಯನಿಗೂ ಕೊರತೆಯಾದದ್ದು ಗುರಿಯಲ್ಲ, ಗುರು. ಇಂದಿನ ರಿಕರ್ವ್ ಬಿಲ್ಲುಗಾರರು ಹೆದೆ ಎಳೆಯುವುದು ಹೆಬ್ಬೆರಳಿಲ್ಲದೆಯೇ ಎಂಬುದು ದ್ರೋಣರಿಗೆ ಗೊತ್ತಿರಲಿಲ್ಲ.)

ರಿಕರ್ವ್ ಸಾಮಗ್ರಿಗೆ ಲಕ್ಷಗಟ್ಟಲೆ ಬೇಕು, ಅದಿಲ್ಲದೆ ಲಯದ ಪಾಠ ಯಾವ ಸುಖಕ್ಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ನಮ್ಮಲ್ಲಿ ಬಿದಿರಿನ ಬಿಲ್ಲಿಗೆಂದೇ ‘ಇಂಡಿಯನ್ ರೌಂಡ್’ ಸ್ಪರ್ಧೆಗಳಿವೆ. ಅಲ್ಲಿ ಕ್ಲಿಕ್ಕರ್ ಇಲ್ಲ. ಆದ್ದರಿಂದಲೇ ಬಿಡುವ ಹೊತ್ತನ್ನು ಬೆನ್ನಿಗೆ ಕಲಿಸಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ತಾಲ್ಲೂಕಿನ ಶಾಲೆಯಲ್ಲಿ ಒಂದು ಹುಲ್ಲಿನ ಹಲಗೆ, 20 ಸೆಕೆಂಡು ಎಣಿಸುವ ಒಂದು ಗಡಿಯಾರ, ವಾರಕ್ಕೊಮ್ಮೆ ಒಬ್ಬರೆದುರು ಒಬ್ಬರು ನಿಂತು ಸರದಿಯಂತೆ ಒಂದೊಂದೇ ಬಾಣ ಬಿಡುವ ಪಂದ್ಯ, ಪಕ್ಕದಲ್ಲಿ ಗದ್ದಲ ಮಾಡಲು ಉಳಿದ ಮಕ್ಕಳು. ಹೊಸ ಸ್ಟೇಡಿಯಂನ ಒಂದು ಗೇಟಿನ ಖರ್ಚೂ ಇದಕ್ಕೆ ಬೇಕಾಗಲಿಕ್ಕಿಲ್ಲ.