ನೌಕಾ ವಾಯುಯಾನ: ಒಳನಾಡಿನ ಉದ್ಯಮಿಗಳು ನೋಡಬೇಕಾದ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಿಗೂ ಸಮುದ್ರಕ್ಕೂ ಸಂಬಂಧ ಕಲ್ಪಿಸುವುದು ಮೇಲ್ನೋಟಕ್ಕೆ ಅಸಂಗತವೆನಿಸುತ್ತದೆ. ಶೇಂಗಾ, ಮೆಕ್ಕೆಜೋಳ, ಈರುಳ್ಳಿಗಳ ಧಾರಣೆ ಮತ್ತು ಮುಂಗಾರಿನ ಪ್ರಮಾಣವೇ ಈ ಭಾಗದ ವಹಿವಾಟಿನ ಗತಿಯನ್ನು ನಿರ್ಧರಿಸುತ್ತ ಬಂದಿವೆ. ಹೀಗಿರುವಾಗ ಯುದ್ಧವಿಮಾನಗಳ ವಿಷಯ ವರ್ತಕರ ಪತ್ರಿಕೆಯಲ್ಲಿ ಏಕೆ ಎಂಬ ಪ್ರಶ್ನೆ ಸಹಜವಾದುದೇ. ಅದಕ್ಕೆ ಉತ್ತರ ಪಕ್ಕದ ಜಿಲ್ಲೆಯಲ್ಲಿಯೇ ಇದೆ.

2023ರ ಜೂನ್ 16ರಂದು ಬೆಳಿಗ್ಗೆ 7 ಗಂಟೆ 35 ನಿಮಿಷಕ್ಕೆ ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ಕೇಂದ್ರದಿಂದ 'ತಪಸ್' ಎಂಬ ಪೈಲಟ್‌ರಹಿತ ವಿಮಾನವು ಮೇಲೇರಿತು. ಕಾರವಾರದ ನೌಕಾನೆಲೆಗೂ ಈ ಕೇಂದ್ರಕ್ಕೂ ನಡುವೆ 285 ಕಿ.ಮೀ. ಅಂತರವಿದೆ. ವಿಮಾನವು 20,000 ಅಡಿ ಎತ್ತರದಲ್ಲಿ ಹಾರುತ್ತಿರುವಾಗ, ಕಾರವಾರದಿಂದ 148 ಕಿ.ಮೀ. ದೂರದ ಸಮುದ್ರದಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗು ಅದರ ನಿಯಂತ್ರಣವನ್ನು ತನ್ನ ಕೈಗೆ ತೆಗೆದುಕೊಂಡಿತು. ಮೂರೂವರೆ ಗಂಟೆಗಳ ಹಾರಾಟದಲ್ಲಿ ನಲವತ್ತು ನಿಮಿಷಗಳ ಕಾಲ ಬಯಲುಸೀಮೆಯಿಂದ ಹೊರಟ ವಿಮಾನವನ್ನು ಅರಬ್ಬೀ ಸಮುದ್ರದ ಹಡಗೊಂದು ನಡೆಸಿತು. ಅನಂತರ ವಿಮಾನವು ಹೊರಟ ಸ್ಥಳಕ್ಕೇ ಹಿಂದಿರುಗಿ ಇಳಿಯಿತು. ಕೂಡ್ಲಿಗಿ ತಾಲ್ಲೂಕಿನ ಎಲ್ಲೆಗೆ ತಾಗಿಕೊಂಡಿರುವ ಜಿಲ್ಲೆಯಲ್ಲಿ ಇಂಥ ಕೆಲಸ ನಡೆಯುತ್ತಿರುವುದು ಹೆಮ್ಮೆಯ ಸಂಗತಿ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಲೆಕ್ಕಪತ್ರದ ದೃಷ್ಟಿಯಿಂದ ನೋಡುವವರಿಗೆ ಇದರ ಮುಂದಿನ ಭಾಗವೇ ಹೆಚ್ಚು ಮುಖ್ಯ. ಅದೇ ವರ್ಷದ ಆಗಸ್ಟ್ 20ರಂದು ಪರೀಕ್ಷಾ ಹಾರಾಟದಲ್ಲಿದ್ದ ತಪಸ್ ವಿಮಾನವೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಗ್ರಾಮದ ಹೊಲದಲ್ಲಿ ಬಿದ್ದಿತು. ಸೇನೆಯ ಅಪೇಕ್ಷೆ 30,000 ಅಡಿ ಎತ್ತರ ಮತ್ತು 24 ಗಂಟೆಗಳ ನಿರಂತರ ಹಾರಾಟದ್ದಾಗಿತ್ತು. ವಿಮಾನ ತಲುಪಿದ್ದು 28,000 ಅಡಿ ಮತ್ತು 18 ಗಂಟೆಗಳಿಗೆ ಸಮೀಪದ ಮಟ್ಟವನ್ನು. 2024ರ ಆರಂಭದಲ್ಲಿ ಈ ಯೋಜನೆಯನ್ನು ಆದ್ಯತೆಯ ಪಟ್ಟಿಯಿಂದ ಕೈಬಿಡಲಾಗಿದೆ ಎಂಬ ವರದಿಗಳು ಬಂದವು. ವಿಜ್ಞಾನಿಗಳ ಪಾಲಿಗೆ ಇದು ಕಲಿಕೆ. ಈ ವಿಮಾನದ ಬಿಡಿಭಾಗಕ್ಕೆಂದೇ ಯಂತ್ರ ಕೊಂಡ ಸಣ್ಣ ಘಟಕವೊಂದಿದ್ದರೆ, ಅದರ ಪಾಲಿಗೆ ಬ್ಯಾಂಕಿನ ಕಂತು ಮಾತ್ರ ಉಳಿಯುತ್ತದೆ.

ನೌಕಾ ತೇಜಸ್ ವಿಮಾನದ ಕಥೆಯಲ್ಲಿ ಈ ಸಂಗತಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ಮತ್ತು ಎಚ್‌ಎಎಲ್ ಕೈಗೊಂಡ ಈ ಕಾರ್ಯಕ್ಕೆ 2003ರಲ್ಲಿ ಮಂಜೂರಾತಿ ದೊರೆಯಿತು. ಮೊದಲ ಮಾದರಿ ವಿಮಾನ ಹಾರಿದ್ದು 2012ರ ಏಪ್ರಿಲ್ 27ರಂದು. ನೆಲದ ಮೇಲಿನ ರನ್‌ವೇಯಲ್ಲಿ ಸುಮಾರು ಒಂದು ಕಿಲೋಮೀಟರ್ ಓಡಿ ನಿಲ್ಲುವ ವಿಮಾನವು ಹಡಗಿನ ಮೇಲೆ ನೂರು ಮೀಟರಿಗೂ ಕಡಿಮೆ ಅಂತರದಲ್ಲಿ ನಿಲ್ಲಬೇಕು. ಅದರ ಬಾಲದ ಕೊಕ್ಕೆಯು ಹಡಗಿನ ಅಡ್ಡಕ್ಕೆ ಬಿಗಿದ ಉಕ್ಕಿನ ಹಗ್ಗವನ್ನು ಹಿಡಿಯಬೇಕು. ಆ ಹೊಡೆತ ತಡೆಯಲು ಗಾಲಿಗಳ ಕಾಲುಗಳನ್ನೂ ಒಡಲನ್ನೂ ಬಲಪಡಿಸಬೇಕಾಗುತ್ತದೆ. ಬಲಪಡಿಸಿದಷ್ಟೂ ತೂಕ ಏರುತ್ತದೆ. ತೂಕ ಏರಿದರೆ ಹಡಗಿನ ಗಿಡ್ಡ ಓಟದಲ್ಲಿ ಮೇಲೇಳುವಾಗ ಇಂಧನವನ್ನೋ ಶಸ್ತ್ರವನ್ನೋ ಕಡಿಮೆ ಮಾಡಬೇಕು. ಎತ್ತಿಗೆ ಹೊರೆ ಹೆಚ್ಚಾದಾಗ ಗಾಡಿ ಗಟ್ಟಿ ಮಾಡಿಸಿ, ಗಾಡಿಯೇ ಭಾರವಾಯಿತೆಂದು ಕಾಳಿನ ಚೀಲ ಇಳಿಸಿದಂತೆ. 2016ರ ಡಿಸೆಂಬರಿನಲ್ಲಿ ಅಂದಿನ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಸುನಿಲ್ ಲಾಂಬಾ ಅವರು, ಈ ವಿಮಾನ ಹಡಗಿನಿಂದ ಹಾರಲು ಭಾರವಾಗಿದೆ, ಬೇರೆ ವಿಮಾನ ಬೇಕೆಂದು ಬಹಿರಂಗವಾಗಿ ಹೇಳಿದರು.

ಆದರೂ ಪರೀಕ್ಷೆ ನಿಲ್ಲಲಿಲ್ಲ. 2019ರ ಸೆಪ್ಟೆಂಬರ್ 13ರಂದು ಗೋವೆಯ ಐಎನ್‌ಎಸ್ ಹಂಸ ನೆಲೆಯಲ್ಲಿ ಹಗ್ಗ ಹಿಡಿದು ಇಳಿಯುವ ಪರೀಕ್ಷೆ ಯಶಸ್ವಿಯಾಯಿತು. 2020ರ ಜನವರಿ 11ರಂದು ಕಮೊಡೋರ್ ಜೈದೀಪ್ ಮಾವಳಂಕರ್ ಅವರು ಅದನ್ನು ಚಲಿಸುತ್ತಿರುವ ಐಎನ್‌ಎಸ್ ವಿಕ್ರಮಾದಿತ್ಯದ ಮೇಲೆಯೇ ಇಳಿಸಿದರು. 2023ರ ಫೆಬ್ರವರಿ 6ರಂದು ಸ್ವದೇಶದಲ್ಲಿ ನಿರ್ಮಿತವಾದ ಐಎನ್‌ಎಸ್ ವಿಕ್ರಾಂತ್ ಮೇಲೆಯೂ ಅದು ಇಳಿಯಿತು. ಕೆಲವೇ ದೇಶಗಳಿಗೆ ದಕ್ಕಿದ ವಿದ್ಯೆ ಇದು. ಇಷ್ಟಾದರೂ ನೌಕಾ ತೇಜಸ್‌ಗೆ ಉತ್ಪಾದನಾ ಆದೇಶ ಬರಲಿಲ್ಲ. ಎರಡು ಎಂಜಿನ್‌ಗಳ ಹೊಸ ವಿಮಾನವೊಂದರ ವಿನ್ಯಾಸದ ಕಡೆಗೆ ಗಮನ ಹರಿಯಿತು. ತತ್ಕಾಲದ ಅಗತ್ಯಕ್ಕೆ 2025ರ ಏಪ್ರಿಲ್ 28ರಂದು ಫ್ರಾನ್ಸ್‌ನೊಂದಿಗೆ 26 ರಫೇಲ್ ನೌಕಾ ವಿಮಾನಗಳ ಒಪ್ಪಂದವಾಯಿತು. ಇವುಗಳಲ್ಲಿ 22 ಒಂದು ಆಸನದವು, 4 ಎರಡು ಆಸನದವು. 2030ರೊಳಗೆ ಎಲ್ಲವೂ ಬರಬೇಕೆಂಬುದು ಕರಾರು.

ಇಲ್ಲಿ ಒಂದು ಮಾತು. ಒಪ್ಪಂದದ ಮೊತ್ತ ಸುಮಾರು 63,000 ಕೋಟಿ ರೂಪಾಯಿಗಳು. ಇದನ್ನು 26ರಿಂದ ಭಾಗಿಸಿ ವಿಮಾನವೊಂದಕ್ಕೆ ಇಷ್ಟು ಸಾವಿರ ಕೋಟಿ ಎಂದು ಚಹದ ಅಂಗಡಿಗಳಲ್ಲಿ ಲೆಕ್ಕ ಹಾಕಿದವರು ಅನೇಕರು. ಅಂಗಡಿಯ ಒಟ್ಟು ಖರ್ಚನ್ನು ಮಾರಿದ ಚೀಲಗಳಿಂದ ಭಾಗಿಸಿ ಚೀಲದ ಬೆಲೆ ಹೇಳಿದಂತೆ ಈ ಲೆಕ್ಕ. ಒಪ್ಪಂದದಲ್ಲಿ ತರಬೇತಿ, ಸಿಮ್ಯುಲೇಟರ್, ಶಸ್ತ್ರಗಳು, ನಿರ್ವಹಣಾ ಸೇವೆ, ವಾಯುಪಡೆಯ ಬಳಿ ಇರುವ ರಫೇಲ್‌ಗಳಿಗೆ ಬೇಕಾದ ಹೆಚ್ಚುವರಿ ಉಪಕರಣ ಎಲ್ಲವೂ ಸೇರಿವೆ. ವಿಮಾನದ ಒಡಲನ್ನು ಭಾರತದಲ್ಲಿ ತಯಾರಿಸುವ, ಎಂಜಿನ್ ಮತ್ತು ಉಪಕರಣಗಳನ್ನು ಇಲ್ಲಿಯೇ ದುರಸ್ತಿ ಮಾಡುವ ಷರತ್ತುಗಳೂ ಇವೆ. ಒಡಲಿನ ತಯಾರಿಕೆಗೆ ಗೊತ್ತಾದ ಸ್ಥಳ ಹೈದರಾಬಾದ್.

ಸಣ್ಣ ತಯಾರಕರು ಇದರಿಂದ ಗ್ರಹಿಸಬೇಕಾದುದು ಇಷ್ಟೇ: ಅಭಿವೃದ್ಧಿಯ ಹಂತದ ಕೆಲಸ ಬೇರೆ, ಉತ್ಪಾದನೆಯ ಹಂತದ ಕೆಲಸ ಬೇರೆ. ಮೊದಲನೆಯದರಲ್ಲಿ ಕೀರ್ತಿ ಇದೆ, ಎರಡನೆಯದರಲ್ಲಿ ಬಿಲ್ಲು ಇದೆ. 2025ರ ಸೆಪ್ಟೆಂಬರ್ 25ರಂದು ವಾಯುಪಡೆಗಾಗಿ 97 ತೇಜಸ್ ವಿಮಾನಗಳಿಗೆ 62,370 ಕೋಟಿ ರೂಪಾಯಿಗಳ ಆದೇಶ ಎಚ್‌ಎಎಲ್‌ಗೆ ದೊರೆಯಿತು. ನೂರಕ್ಕೂ ಹೆಚ್ಚು ಭಾರತೀಯ ಕಂಪನಿಗಳು ಇದರ ಬಿಡಿಭಾಗ ತಯಾರಿಕೆಯಲ್ಲಿ ನೇರವಾಗಿ ತೊಡಗಿವೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಹೆಲಿಕಾಪ್ಟರ್ ಕಾರ್ಖಾನೆಯೂ ಇದೆ. ಒಳನಾಡಿನ ವರ್ಕ್‌ಶಾಪುಗಳು ಕಣ್ಣಿಡಬೇಕಾದುದು ಇಂಥ ಆದೇಶಗಳ ಎರಡನೆಯ, ಮೂರನೆಯ ಹಂತದ ಉಪಗುತ್ತಿಗೆಯ ಮೇಲೆ.

ಅಲ್ಲಿಯೂ ಎಚ್ಚರಿಕೆ ಬೇಡವೆಂದಲ್ಲ. ಕೇಂದ್ರದ ಸಾರ್ವಜನಿಕ ಉದ್ಯಮಗಳು ತಮ್ಮ ವಾರ್ಷಿಕ ಖರೀದಿಯಲ್ಲಿ ಶೇಕಡ 25ರಷ್ಟನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕೆಂಬ ನಿಯಮವಿದೆ. ಪೂರೈಕೆಯಾದ 45 ದಿನಗಳೊಳಗೆ ಹಣ ಪಾವತಿಯಾಗಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. 2023ರ ಹಣಕಾಸು ಕಾಯ್ದೆಯು ಈ ಅವಧಿ ಮೀರಿ ಬಾಕಿ ಉಳಿದ ಮೊತ್ತವನ್ನು ಪಾವತಿಸುವವರೆಗೂ ಖರೀದಿದಾರರು ಖರ್ಚೆಂದು ತೋರಿಸುವಂತಿಲ್ಲವೆಂದು ಇನ್ನಷ್ಟು ಬಿಗಿಗೊಳಿಸಿತು. ಇಷ್ಟನ್ನು ಕೇಳಿ ಸಮಾಧಾನ ಪಟ್ಟವರು ಕಾಯ್ದೆಯ ವ್ಯಾಖ್ಯೆಯ ಭಾಗವನ್ನೂ ಓದಬೇಕು. ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪಣೆ ಎತ್ತಿದರೆ, ಆ ಆಕ್ಷೇಪಣೆಯನ್ನು ಪೂರೈಕೆದಾರರು ನಿವಾರಿಸಿದ ದಿನದಿಂದ ಮಾತ್ರ ಗಡುವಿನ ಎಣಿಕೆ ಆರಂಭ.

ವಿಮಾನದ ಬಿಡಿಭಾಗಗಳಲ್ಲಿ ಆಕ್ಷೇಪಣೆ ಅಪರೂಪವಲ್ಲ, ಅದು ಕೆಲಸದ ಸ್ವಭಾವವೇ ಆಗಿದೆ. ಕೂದಲಿಗಿಂತ ಸಣ್ಣ ವ್ಯತ್ಯಾಸಕ್ಕೂ ತಿರಸ್ಕಾರವುಂಟು. ಪ್ರತಿಯೊಂದು ತುಂಡಿನ ಲೋಹ ಯಾವ ತಂಡದ್ದು, ಯಾರು ಕೊರೆದರು, ಯಾರು ಅಳೆದರು ಎಂಬ ದಾಖಲೆ ಬೇಕು. ಕೊಟ್ಟೂರಿನ ಒಂದು ಘಟಕವು 10 ಲಕ್ಷ ರೂಪಾಯಿಗಳ ಸರಕನ್ನು ಜೂನ್ 1ರಂದು ತಲುಪಿಸಿತೆಂದೂ, 12ರಂದು ಆಕ್ಷೇಪಣೆ ಬಂದಿತೆಂದೂ, ತಿದ್ದಿದ ಸರಕು ಆಗಸ್ಟ್ 20ರಂದು ಒಪ್ಪಿಗೆಯಾಯಿತೆಂದೂ ಭಾವಿಸಬಹುದು. ಕಾನೂನಿನ ಪ್ರಕಾರ ಕೊನೆಯ ದಿನ ಅಕ್ಟೋಬರ್ 4. ಮೊದಲ ಪೂರೈಕೆಯಿಂದ 125 ದಿನಗಳು. ಓವರ್‌ಡ್ರಾಫ್ಟ್ ಬಡ್ಡಿ ಶೇಕಡ 12 ಎಂದಾದರೆ ಕಾಯುವಿಕೆಯೊಂದಕ್ಕೇ ಸುಮಾರು 41,000 ರೂಪಾಯಿ ಹೋಯಿತು. ಯಾರೂ ಕಾನೂನು ಮುರಿಯಲಿಲ್ಲ, ಆದರೆ ಲಾಭ ಕರಗಿತು. ದರ ನಮೂದಿಸುವಾಗಲೇ ಈ ಬಡ್ಡಿಯನ್ನು ಸೇರಿಸದವರು ಟೆಂಡರು ಗೆದ್ದು ವ್ಯಾಪಾರ ಸೋಲುತ್ತಾರೆ.

ಇನ್ನೊಂದು ತೊಡಕೂ ಉಂಟು. ದುಬಾರಿ ಲೋಹವನ್ನು ಅನೇಕ ವೇಳೆ ಖರೀದಿದಾರರೇ ಒದಗಿಸಿ ಕೂಲಿ ಕೆಲಸ ಮಾಡಿಸುತ್ತಾರೆ. ತುಂಡು ಕೆಟ್ಟರೆ ಲೋಹದ ಬೆಲೆ ವಸೂಲಾಗುವ ಷರತ್ತಿದ್ದಲ್ಲಿ, ಅದು ಕೂಲಿಯ ಹಲವು ಪಟ್ಟು ಆಗಬಹುದು. ಜೊತೆಗೆ ಜಿಎಸ್‌ಟಿ ಕಾಯ್ದೆಯಂತೆ ಕೂಲಿ ಕೆಲಸಕ್ಕೆ ಬಂದ ಸಾಮಗ್ರಿ ಒಂದು ವರ್ಷದೊಳಗೆ ಹಿಂದಿರುಗದಿದ್ದರೆ ಅದನ್ನು ಕಳುಹಿಸಿದ ದಿನದಂದೇ ಮಾರಾಟವಾದಂತೆ ಪರಿಗಣಿಸಲಾಗುತ್ತದೆ. ಮೂಲೆಯಲ್ಲಿ ಮರೆತು ಇಟ್ಟ ತಿರಸ್ಕೃತ ತುಂಡುಗಳು ವಿವಾದಕ್ಕೆ ಕಾರಣವಾಗುವುದು ಹೀಗೆ.

ಹರಪನಹಳ್ಳಿಯವರಿಗೆ ಇದನ್ನೆಲ್ಲ ಹೊಸದಾಗಿ ಹೇಳಬೇಕಾಗಿಲ್ಲ. ನೆರೆಯ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದಾದ್ಯಂತ ಹೆಸರಾಗಿದ್ದವು. ಅದು ಬಾಗಿಲು ಮುಚ್ಚಿದಾಗ, ಒಬ್ಬನೇ ಗಿರಾಕಿಯನ್ನು ನಂಬಿ ನಿಂತ ಸಣ್ಣ ಘಟಕಗಳ ಗತಿ ಏನಾಗುತ್ತದೆಂಬುದನ್ನು ಈ ಸೀಮೆ ಕಣ್ಣಾರೆ ಕಂಡಿತು. ರಕ್ಷಣಾ ಕೆಲಸವು ಒಟ್ಟು ವಹಿವಾಟಿನ ನಾಲ್ಕನೆಯ ಒಂದು ಭಾಗವನ್ನು ಮೀರದಂತೆ ನೋಡಿಕೊಂಡು, ಉಳಿದುದನ್ನು ಕೃಷಿ ಉಪಕರಣ, ಗಿರಣಿ ದುರಸ್ತಿ, ಗಣಿ ಯಂತ್ರಗಳ ಬಿಡಿಭಾಗಗಳಲ್ಲಿ ಇಟ್ಟುಕೊಳ್ಳುವುದು ವಿವೇಕ.

ಯಂತ್ರವಿಲ್ಲದ ವರ್ತಕರ ಪಾಲಿನದು ಬೇರೆ ಲೆಕ್ಕ. 2005ರ ಮೇ 31ರಂದು ಕಾರ್ಯಾರಂಭ ಮಾಡಿದ ಕಾರವಾರದ ಐಎನ್‌ಎಸ್ ಕದಂಬ ನೆಲೆಗೆ ವಿಕ್ರಮಾದಿತ್ಯ ಬಂದು ಸೇರಿದ್ದು 2014ರ ಜನವರಿಯಲ್ಲಿ. 284 ಮೀಟರ್ ಉದ್ದದ ಈ ಹಡಗಿನಲ್ಲಿ 1,600ಕ್ಕೂ ಹೆಚ್ಚು ಮಂದಿ ಇರುತ್ತಾರೆ. ತಿಂಗಳಿಗೆ ಸುಮಾರು ಒಂದು ಲಕ್ಷ ಮೊಟ್ಟೆ, 20,000 ಲೀಟರ್ ಹಾಲು, 16 ಟನ್ ಅಕ್ಕಿ ಬೇಕೆಂದು ಹಡಗು ಸೇವೆಗೆ ಸೇರಿದ ಸಂದರ್ಭದಲ್ಲಿ ಪ್ರಕಟವಾದ ವಿವರಗಳು ತಿಳಿಸಿದವು. ಸಾಮಗ್ರಿ ತುಂಬಿಕೊಂಡು ಹೊರಟರೆ ದಡಕ್ಕೆ ಬಾರದೆ ಸುಮಾರು 45 ದಿನ ಕಳೆಯಬಲ್ಲದು. (ಸಣ್ಣ ಉದ್ಯಮಿಯೂ ಬಿಲ್ಲಿನ ಹಣವಿಲ್ಲದೆ ಅಷ್ಟೇ ದಿನ ಕಳೆಯಬಲ್ಲನೆಂದು ಸಂಸತ್ತು ಭಾವಿಸಿದಂತಿದೆ.) 16 ಟನ್ ಅಕ್ಕಿ ಎಂದರೆ ಒಂದು ಲಾರಿ ಲೋಡು, ದೊಡ್ಡ ವ್ಯಾಪಾರವೆಂದು ಬೀಗಬೇಕಾಗಿಲ್ಲ. ಆದರೆ ನೆಲೆಯಲ್ಲಿ ಒಂದೇ ಹಡಗಿಲ್ಲ, ದಡದ ಮೇಲೆ ಸಿಬ್ಬಂದಿಯ ಕುಟುಂಬಗಳೂ ಇವೆ, ಅಂಕೋಲಾ ತಾಲ್ಲೂಕಿನ ಅಲಗೇರಿಯಲ್ಲಿ ನೌಕಾ ವಾಯುನೆಲೆಯ ಯೋಜನೆಯೂ ಇದೆ. ಹೊಸಪೇಟೆಯ ಮೊಟ್ಟೆಯ ದರ ದೇಶದ ದೈನಿಕ ದರಪಟ್ಟಿಯಲ್ಲಿ ಪ್ರಕಟವಾಗುವಷ್ಟು ಕೋಳಿ ಉದ್ಯಮ ಇಲ್ಲಿ ಬೆಳೆದಿದೆ. ಕೋಳಿ ಆಹಾರಕ್ಕೆ ಬೇಕಾದ ಮೆಕ್ಕೆಜೋಳ ಈ ಐದು ತಾಲ್ಲೂಕುಗಳ ಹೊಲಗಳಲ್ಲಿಯೇ ಬೆಳೆಯುತ್ತದೆ. ಹುಬ್ಬಳ್ಳಿಯ ಮೂಲಕ ಕರಾವಳಿಗೆ ಹೆದ್ದಾರಿ ಇದೆ. ಕೊರತೆ ಇರುವುದು ಒಂದೇ ಗುಣಮಟ್ಟದ ಸರಕನ್ನು ಹನ್ನೆರಡು ತಿಂಗಳೂ ಕೊಡುವ, ಟೆಂಡರಿನ ಕಾಗದಗಳನ್ನು ಸರಿಯಾಗಿ ಇಟ್ಟುಕೊಳ್ಳುವ ಅಭ್ಯಾಸಕ್ಕೆ. ಒಬ್ಬೊಬ್ಬ ವರ್ತಕರಿಂದ ಇದು ಕಷ್ಟ. ನಾಲ್ಕಾರು ಮಂದಿ ಕೂಡಿದರೆ ಸಾಧ್ಯ.

ಕೊನೆಯದಾಗಿ ಭೂಮಿಯ ಪ್ರಶ್ನೆ. ದೇವನಹಳ್ಳಿಯಲ್ಲಿ ವೈಮಾನಿಕ ಪಾರ್ಕಿಗಾಗಿ 1,777 ಎಕರೆ ಸ್ವಾಧೀನಪಡಿಸಿಕೊಳ್ಳುವ ಯತ್ನವನ್ನು ರೈತರ ದೀರ್ಘ ಹೋರಾಟದ ಅನಂತರ ರಾಜ್ಯ ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಕೂಡಲೇ ಆಂಧ್ರಪ್ರದೇಶವು ಉದ್ಯಮಗಳಿಗೆ ಆಹ್ವಾನವಿತ್ತಿತು. ಅದೇ ಪಾರ್ಕನ್ನು ವಿಜಯನಗರ ಜಿಲ್ಲೆಗೆ ತರಬೇಕೆಂಬ ಮಾತು ವರ್ತಕ ವಲಯದಲ್ಲಿ ಕೇಳಿಬಂದರೆ ಆಶ್ಚರ್ಯವಿಲ್ಲ. ಆದರೆ ಚಳ್ಳಕೆರೆಯ ಅನುಭವವನ್ನು ಮರೆಯಬಾರದು. ಅಲ್ಲಿ ಪರೀಕ್ಷಾ ಕೇಂದ್ರಕ್ಕೆ 4,000ಕ್ಕೂ ಹೆಚ್ಚು ಎಕರೆ ಅಮೃತಮಹಲ್ ಕಾವಲು ಹೋಯಿತು. ಕುರಿಗಾಹಿಗಳು, ಕಂಬಳಿ ನೇಕಾರರು ಎತ್ತಿದ ಆಕ್ಷೇಪ ಹಸಿರು ನ್ಯಾಯಮಂಡಳಿಯವರೆಗೂ ತಲುಪಿತು. ಕುರಿ ಕಡಿಮೆಯಾದರೆ ಉಣ್ಣೆ ಕಡಿಮೆ, ಉಣ್ಣೆ ಕಡಿಮೆಯಾದರೆ ಸಂತೆಯ ವಹಿವಾಟು ಕಡಿಮೆ. ಪಾರ್ಕಿನ ಬೇಲಿಯೊಳಗಿನ ಲಾಭವನ್ನು ಎಣಿಸುವವರು ಬೇಲಿಯ ಹೊರಗಿನ ನಷ್ಟವನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಸಾವಿರ ಎಕರೆಯ ಬದಲು, ಅಳತೆ ಮತ್ತು ಪರೀಕ್ಷೆಯ ಒಂದು ಸಾಮಾನ್ಯ ಸೌಲಭ್ಯ ಕೇಂದ್ರವನ್ನು ಹೊಸಪೇಟೆಯ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದ ಜೊತೆಯಲ್ಲಿ ಸ್ಥಾಪಿಸಬೇಕೆಂದು ವಾಣಿಜ್ಯ ಸಂಸ್ಥೆಗಳು ಒತ್ತಾಯಿಸುವುದು ಲೇಸು. ಇದಕ್ಕೆ ಎರಡು ಎಕರೆ ಸಾಕು.

ಅದಕ್ಕೂ ಮೊದಲು ಪ್ರತಿಯೊಬ್ಬ ಸದಸ್ಯರೂ ತಮ್ಮ ಉದ್ಯಮ್ ನೋಂದಣಿ ಪತ್ರವನ್ನು ತೆಗೆದು ನೋಡುವುದು ಒಳಿತು. ಎಣ್ಣೆ ಗಿರಣಿ, ಬೇಳೆ ಗಿರಣಿ ನಡೆಸುವವರಲ್ಲಿಯೂ ಕೆಲವರು ಚಟುವಟಿಕೆಯ ಅಂಕಣದಲ್ಲಿ 'ವ್ಯಾಪಾರ' ಎಂದು ಮಾತ್ರ ನಮೂದಿಸಿರುವುದುಂಟು. ವ್ಯಾಪಾರವೆಂದು ನೋಂದಾಯಿಸಿದವರಿಗೆ ಬ್ಯಾಂಕಿನ ಆದ್ಯತಾ ವಲಯದ ಸಾಲದ ಹೊರತು 45 ದಿನಗಳ ರಕ್ಷಣೆಯಾಗಲಿ, ಖರೀದಿಯ ಶೇಕಡ 25ರ ಮೀಸಲಾಗಲಿ ಅನ್ವಯಿಸುವುದಿಲ್ಲ. ಇದರ ತಿದ್ದುಪಡಿಗೆ ಶುಲ್ಕವಿಲ್ಲ; ಆಧಾರ್ ಮತ್ತು ಪ್ಯಾನ್ ಸಂಖ್ಯೆ ಇದ್ದರೆ ಪೋರ್ಟಲಿನಲ್ಲಿಯೇ ಮಾಡಬಹುದು.