ತೋಟದ ಮನೆಗೆ ತಕ್ಕ ಟ್ರ್ಯಾಕ್ಟರು

ನೆಗಮಂ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಹತ್ತಿಯ ಸೀರೆ. 2023ರಲ್ಲಿ ಆ ಸೀರೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಆದರೆ ಪೊಳ್ಳಾಚಿಯಿಂದ ಪಲ್ಲಡದ ಕಡೆಗೆ ಹೋಗುವ ದಾರಿಯಲ್ಲಿ ಊರನ್ನು ಸಮೀಪಿಸುವವರ ಕಣ್ಣಿಗೆ ಮೊದಲು ಬೀಳುವುದು ಮಗ್ಗವಲ್ಲ, ತೆಂಗು. ನೇಯ್ಗೆಯ ದುಡಿಮೆಯಲ್ಲಿ ಉಳಿಸಿ ಎರಡು ಮೂರು ಎಕರೆ ತೋಟ ಮಾಡಿಕೊಂಡ ದೇವಾಂಗ ಮನೆಗಳೂ ಈ ಸೀಮೆಯಲ್ಲಿ ಉಂಟು. ಅಂತಹ ಮನೆಗಳಲ್ಲಿ ಈಗ ನಡೆಯುತ್ತಿರುವ ಒಂದು ಸಮಾಲೋಚನೆಯನ್ನು ಈ ತಿಂಗಳ ವಿಷಯವಾಗಿ ಎತ್ತಿಕೊಂಡಿದ್ದೇವೆ. ಸಣ್ಣ ಟ್ರ್ಯಾಕ್ಟರೊಂದನ್ನು ಕೊಳ್ಳಬೇಕೆ? ಅದರ ಮುಂದೆ ಮಣ್ಣು, ಗೊಬ್ಬರ ಎತ್ತುವ ಲೋಡರನ್ನೂ ಜೋಡಿಸಿಕೊಳ್ಳಬೇಕೆ? ಕೊಳ್ಳುವುದಾದರೆ ಎಂತಹದನ್ನು?

ಈ ಪ್ರಶ್ನೆ ಬರಿಯ ಷೋಕಿಯಿಂದ ಹುಟ್ಟಿದುದಲ್ಲ. ತೋಟದ ಕೆಲಸಕ್ಕೆ ಆಳುಗಳು ದೊರೆಯುವುದು ದುರ್ಲಭವಾಗಿದೆ. 2016ರಲ್ಲಿ ಪೊಳ್ಳಾಚಿ ಸೀಮೆಯಲ್ಲಿ ಕಾಣಿಸಿಕೊಂಡ ಸುರುಳಿ ಬಿಳಿನೊಣವೂ ಅದರೊಡನೆ ಬೇರು ಸೊರಗು ರೋಗವೂ ಫಸಲನ್ನು ಕುಗ್ಗಿಸಿವೆ. ರೋಗ ಬಿದ್ದ ಮರಗಳನ್ನು ಕಡಿದು ಸಾಗಿಸಬೇಕು, ಬೊಡ್ಡೆ ಕಿತ್ತ ಗುಂಡಿಗಳನ್ನು ಮುಚ್ಚಬೇಕು, ಹೊಸ ಸಸಿಗೆ ಗೊಬ್ಬರ ಹೊರಬೇಕು. ಕೆಲಸ ಹೆಚ್ಚಿರುವ ಕಾಲದಲ್ಲಿಯೇ ಆದಾಯ ಕಡಿಮೆಯಾಗಿದೆ. ಇಂತಹ ಹೊತ್ತಿನಲ್ಲಿ ಭೂಮಿಯನ್ನೋ ಮನೆಯ ಹೆಂಗಸರ ಒಡವೆಯನ್ನೋ ಒತ್ತೆಯಿಟ್ಟು ತರುವ ಯಂತ್ರ ತಪ್ಪಾಗಿ ಆಯ್ಕೆಯಾದರೆ, ಆ ಭಾರವನ್ನು ಹೊರಬೇಕಾದುದು ಟ್ರ್ಯಾಕ್ಟರಲ್ಲ, ಮನೆ. ಆದುದರಿಂದ ಅಂಗಡಿಗೆ ಹೋಗುವ ಮೊದಲೇ ಕೆಲವು ಸಂಗತಿಗಳನ್ನು ತಿಳಿದುಕೊಳ್ಳುವುದು ಕ್ಷೇಮ.

ಮೊದಲನೆಯದು ಅಗಲದ ವಿಚಾರ. ತೆಂಗನ್ನು 25 ಅಡಿ ಅಂತರದಲ್ಲಿ ಚೌಕವಾಗಿ ನೆಟ್ಟರೆ ಎಕರೆಗೆ ಸುಮಾರು 70 ಮರಗಳಾಗುತ್ತವೆ. ಮರದ ಸುತ್ತ 6 ಅಡಿ ತ್ರಿಜ್ಯದ ಪಾತಿ ಇರಬೇಕೆಂಬುದು ಕೃಷಿ ತಜ್ಞರ ಸಲಹೆ. ಆಹಾರ ಹೀರುವ ಬೇರುಗಳು ಬಹುಮಟ್ಟಿಗೆ ಈ ಪರಿಧಿಯಲ್ಲಿಯೇ ಇರುತ್ತವೆ. ಎರಡು ಸಾಲುಗಳ ಪಾತಿಗಳನ್ನು ಕಳೆದರೆ ನಡುವೆ ಉಳಿಯುವುದು 13 ಅಡಿ. ಅದರ ಮಧ್ಯದಲ್ಲಿ ಒಂದು ಸಾಲು ಬಾಳೆಯಿದ್ದು ಅದಕ್ಕೆ 4 ಅಡಿ ಬಿಟ್ಟರೆ, ಇಕ್ಕೆಲಗಳಲ್ಲಿ ನಾಲ್ಕೂವರೆ ಅಡಿಯ ದಾರಿ ಮಾತ್ರ ಮಿಗುತ್ತದೆ. ಐದಾರು ಅಡಿ ಅಗಲದ ದೊಡ್ಡ ಟ್ರ್ಯಾಕ್ಟರು ಅಲ್ಲಿ ನುಗ್ಗಿದರೆ ಬಾಳೆ ಮುರಿಯುತ್ತದೆ, ಇಲ್ಲವೇ ಪಾತಿಯ ಮಣ್ಣು ತುಳಿದು ಗಟ್ಟಿಯಾಗುತ್ತದೆ. ಹನಿ ನೀರಾವರಿಯ ಕೊಳವೆಗಳ ಪಾಡಂತೂ ಹೇಳಲಾಗದು. ಮೂರೂವರೆ, ನಾಲ್ಕು ಅಡಿ ಅಗಲದ ಸಣ್ಣ ಟ್ರ್ಯಾಕ್ಟರು ಇಲ್ಲಿ ಬೇಕಾಗುವುದು ಈ ಕಾರಣದಿಂದ. ಬರಿಯ ತೆಂಗು ಮಾತ್ರ ಇರುವ ತೋಟದವರಿಗೆ ಈ ಕಟ್ಟು ಇಲ್ಲ. ಅವರು ಬಾಡಿಗೆಯ ದೊಡ್ಡ ಟ್ರ್ಯಾಕ್ಟರಿನಿಂದಲೂ ಕೆಲಸ ಸಾಗಿಸಿಕೊಳ್ಳಬಹುದು.

ಎರಡನೆಯದು ಅಶ್ವಶಕ್ತಿಯ ಮೋಹ. ಸಣ್ಣ ಟ್ರ್ಯಾಕ್ಟರುಗಳ ವರ್ಗದಲ್ಲಿ ಇಂದು ಆಯ್ಕೆಗೆ ಕೊರತೆಯಿಲ್ಲ. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಪವರ್ ಟಿಲ್ಲರುಗಳಿಂದ ಹೆಸರಾದ ವಿ.ಎಸ್.ಟಿ. ಸಂಸ್ಥೆಯ 18.5 ಅಶ್ವಶಕ್ತಿಯ ಟ್ರ್ಯಾಕ್ಟರುಂಟು. ಕುಬೋಟಾದ ನಿಯೋಸ್ಟಾರ್, ಮಹೀಂದ್ರದ ಜೀವೋ ಇವುಗಳಲ್ಲಿ 24 ಅಶ್ವಶಕ್ತಿಯವು ಉಂಟು. ಜಾನ್ ಡಿಯರ್‌ನವರದು 28 ಅಶ್ವಶಕ್ತಿಯದು ಇದೆ. 2023ರ ಆಗಸ್ಟಿನಲ್ಲಿ ಮಹೀಂದ್ರದವರು ಜಪಾನಿನ ಮಿತ್ಸುಬಿಷಿಯ ಕೃಷಿ ಯಂತ್ರ ಸಂಸ್ಥೆಯೊಡನೆ ರೂಪಿಸಿದ ಓಜಾ ಎಂಬ ಹಗುರ ಟ್ರ್ಯಾಕ್ಟರುಗಳನ್ನು ಹೊರತಂದರು. ಕೊಳ್ಳುವವರು ಈ ಅಂಕಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು, ದೊಡ್ಡದೇ ಉತ್ತಮವೆಂದು ತೀರ್ಮಾನಿಸುವುದು ಸಹಜ. ಆದರೆ ಅಶ್ವಶಕ್ತಿ ಮುಖ್ಯವಾಗುವುದು ರೋಟವೇಟರ್ ತಿರುಗಿಸುವಾಗ, ಉಳುವಾಗ, ಟ್ರೇಲರ್ ಎಳೆಯುವಾಗ. ಲೋಡರಿನ ಕೆಲಸದಲ್ಲಿ ಎಂಜಿನ್ನಿಗಿಂತ ಹೆಚ್ಚಾಗಿ ದುಡಿಯುವುವು ಟ್ರ್ಯಾಕ್ಟರಿನ ತೂಕ, ಮುಂದಿನ ಆಕ್ಸಲ್ಲು ಮತ್ತು ಹೈಡ್ರಾಲಿಕ್ ಪಂಪು. ನೂಲಿನ ನಂಬರು ನೋಡದೆ ಹಣಿಗೆ ಆರಿಸುವ ನೇಕಾರನಿಲ್ಲ. ಹಾಗೆಯೇ ಎತ್ತಬೇಕಾದ ಹೊರೆಯನ್ನು ನೋಡದೆ ಟ್ರ್ಯಾಕ್ಟರನ್ನು ಆರಿಸಬಾರದು.

ಇದನ್ನು ಒಂದು ಸಣ್ಣ ಲೆಕ್ಕದಿಂದ ವಿಶದಪಡಿಸುತ್ತೇವೆ. ಟ್ರ್ಯಾಕ್ಟರೊಂದರ ತೂಕ 700 ಕಿಲೋ. ಅದರಲ್ಲಿ 280 ಕಿಲೋ ಮುಂದಿನ ಚಕ್ರಗಳ ಮೇಲೆ, 420 ಕಿಲೋ ಹಿಂದಿನವುಗಳ ಮೇಲೆ ಇದೆಯೆನ್ನೋಣ. ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವೆ ಒಂದೂವರೆ ಮೀಟರ್ ಅಂತರ. ಈಗ ಮುಂದಿನ ಆಕ್ಸಲ್ಲಿನಿಂದ 1.2 ಮೀಟರ್ ಮುಂದಕ್ಕೆ ಚಾಚಿದ ಬಕೆಟ್ಟಿನಲ್ಲಿ 300 ಕಿಲೋ ಮಣ್ಣು ತುಂಬಿದರೆ, ಏತದ ಮರ ಬಾಗುವಂತೆ ಇಡೀ ಯಂತ್ರ ಮುಂದಕ್ಕೆ ಬಾಗಲೆಳಸುತ್ತದೆ. ಹಿಂದಿನ ಚಕ್ರಗಳ ಮೇಲಿನ ಭಾರದಲ್ಲಿ 240 ಕಿಲೋ ಕಳೆದು 180 ಕಿಲೋ ಮಾತ್ರ ಉಳಿಯುತ್ತದೆ. ಮುಂದಿನ ಚಕ್ರಗಳ ಭಾರ 820 ಕಿಲೋಗೆ ಏರುತ್ತದೆ. ಲೋಡರಿನ ಸ್ವಂತ ತೂಕವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಸೇರಿಸಿದರೆ ಮುಂಭಾರ ಇನ್ನೂ ಹೆಚ್ಚು. ಟ್ರ್ಯಾಕ್ಟರಿನ ಬ್ರೇಕು ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು. ನೆಲದ ಮೇಲೆ ಸರಿಯಾಗಿ ಊರದ ಚಕ್ರವನ್ನು ಬ್ರೇಕು ಹಿಡಿದು ಪ್ರಯೋಜನವೇನು? ಇಳಿಜಾರಿನಲ್ಲಿ ತುಂಬಿದ ಬಕೆಟ್ಟಿನೊಡನೆ ಸಾಗುವವನ ಪ್ರಾಣ ಈ ಲೆಕ್ಕದಲ್ಲಿ ನಿಂತಿದೆ.

ಇದಕ್ಕೆ ಪರಿಹಾರವುಂಟು. ಹಿಂದಿನ ಆಕ್ಸಲ್ಲಿನಿಂದ 90 ಸೆಂಟಿಮೀಟರ್ ಹಿಂದಕ್ಕೆ, ಮೂರು ಕೊಂಡಿಗಳ ಎತ್ತುಗೆಗೆ 200 ಕಿಲೋ ತೂಕದ ಕಾಂಕ್ರೀಟು ದಿಮ್ಮಿಯನ್ನು ತೂಗುಹಾಕಿದರೆ, ಹಿಂದಿನ ಭಾರ 500 ಕಿಲೋಗೆ ಏರಿ ಮುಂದಿನ ಭಾರ 700ಕ್ಕೆ ಇಳಿಯುತ್ತದೆ. ಲೋಡರನ್ನು ಕೊಳ್ಳುವವರು ಈ ಹಿಂಭಾರವನ್ನು ಬೇರೆಯ ಖರ್ಚೆಂದು ತಿಳಿಯದೆ ಲೋಡರಿನ ಒಂದು ಅಂಗವೆಂದೇ ಭಾವಿಸಬೇಕು. ಎರಡು ಚಕ್ರಕ್ಕೆ ಮಾತ್ರ ಚಾಲನೆಯಿರುವ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ಲು ಇಷ್ಟು ಹೊರೆಗಾಗಿ ಮಾಡಿದುದಲ್ಲ. ನಾಲ್ಕು ಚಕ್ರಗಳಿಗೂ ಚಾಲನೆಯಿರುವುದರಲ್ಲಿ ಮುಂದಿನ ಆಕ್ಸಲ್ಲು ಹೆಚ್ಚು ಗಟ್ಟಿಯಾಗಿರುವುದಲ್ಲದೆ, ಇಳಿಜಾರಿನಲ್ಲಿ ಮುಂದಿನ ಚಕ್ರಗಳೂ ತಡೆ ಕೊಡುತ್ತವೆ. ಲೋಡರು ಬೇಕೆನ್ನುವವರಿಗೆ ನಾಲ್ಕು ಚಕ್ರದ ಚಾಲನೆ ಅನಿವಾರ್ಯವೆಂದೇ ನಮ್ಮ ಅಭಿಪ್ರಾಯ.

ಮಾರಾಟಗಾರರ ಹಾಳೆಯಲ್ಲಿ 'ಎತ್ತುವ ಸಾಮರ್ಥ್ಯ 750 ಕಿಲೋ' ಎಂದಿರುವುದನ್ನು ಕಂಡು ಮರುಳಾಗಬಾರದು. ಅದು ಹಿಂದಿನ ಮೂರು ಕೊಂಡಿಗಳ ಎತ್ತುಗೆಯ ಮಾತು, ಮುಂದಿನ ಬಕೆಟ್ಟಿನದಲ್ಲ. ಬಕೆಟ್ಟಿನ ಸಾಮರ್ಥ್ಯವನ್ನು ಬೇರೆಯಾಗಿಯೇ ಕೇಳಬೇಕು. ಅದನ್ನೂ ನೆಲಮಟ್ಟದಲ್ಲಿ ಎಷ್ಟು, ಪೂರ್ಣ ಎತ್ತರದಲ್ಲಿ ಎಷ್ಟು ಎಂದು ಎರಡಾಗಿ ಕೇಳಬೇಕು. ಹೊರೆಯ ಗುಣವನ್ನೂ ಗಮನಿಸಬೇಕು. ನಮ್ಮ ಕಡೆ ಧಾರಾಳವಾಗಿರುವ ತೆಂಗಿನ ನಾರಿನ ಹುಡಿ ಒಣಗಿದ್ದಾಗ ಹತ್ತಿಯಂತೆ ಹಗುರ. ಆದರೆ ಅದು ತನ್ನ ತೂಕದ ಹಲವು ಪಟ್ಟು ನೀರನ್ನು ಹೀರುವ ವಸ್ತು. ಬೇಸಗೆಯಲ್ಲಿ ಸಲೀಸಾಗಿ ಎದ್ದ ಬಕೆಟ್ಟು ಮಳೆಗಾಲದಲ್ಲಿ ಅದೇ ರಾಶಿಯ ಮುಂದೆ ಸೋಲುತ್ತದೆ. ಹಸಿ ಮಣ್ಣಿಗಂತೂ ಘನ ಮೀಟರಿಗೆ ಒಂದೂವರೆ ಟನ್ನಿಗೂ ಮೇಲ್ಪಟ್ಟ ತೂಕ.

ಗೇರಿನ ವಿಚಾರವೂ ಅಲಕ್ಷಿಸತಕ್ಕದ್ದಲ್ಲ. ಲೋಡರಿನ ಕೆಲಸವೆಂದರೆ ಮುಂದೆ ಹೋಗು, ತುಂಬು, ಹಿಂದೆ ಬಾ, ತಿರುಗು, ಸುರಿ. ಗಂಟೆಗೆ ಹತ್ತಾರು ಸಲ ಇದೇ ಆವೃತ್ತಿ. ಮುನ್ನಡೆಯಿಂದ ಹಿನ್ನಡೆಗೆ ಒಂದೇ ಸನ್ನೆಯಿಂದ ಬದಲಾಯಿಸುವ ಷಟಲ್ ಗೇರು ಇದ್ದರೆ ಕಾಲಿಗೂ ಕ್ಲಚ್ಚಿಗೂ ಆಯಾಸ ಕಡಿಮೆ. ಓಜಾದಲ್ಲಿರುವಂತೆ 12 ಮುನ್ನಡೆಗೆ 12 ಹಿನ್ನಡೆಯ ಗೇರುಗಳಿದ್ದರೆ ಅನುಕೂಲ. ವರ್ಷಕ್ಕೆ ನಾಲ್ಕು ದಿನ ಮಾತ್ರ ಮಣ್ಣೆತ್ತುವವರಿಗೆ ಇದು ಅಷ್ಟು ಮುಖ್ಯವಲ್ಲ.

ಎಲ್ಲಕ್ಕಿಂತ ಮಿಗಿಲಾದುದು ಚಾಲಕನ ರಕ್ಷಣೆ. ಟ್ರ್ಯಾಕ್ಟರು ಮಗುಚಿದಾಗ ಕುಳಿತವನು ನಜ್ಜುಗುಜ್ಜಾಗದಂತೆ ಆಸನದ ಹಿಂದೆ ನಿಲ್ಲಿಸುವ ಉಕ್ಕಿನ ಕಮಾನನ್ನು ಸ್ವೀಡನ್ ದೇಶ 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆ ಕಡ್ಡಾಯ ಮಾಡಿತು. ಮುಂದೆ ಅಲ್ಲಿ ಅಂತಹ ಮರಣಗಳು ಬಹಳವಾಗಿ ಇಳಿದವು. ನಮ್ಮ ತೋಟಗಳಲ್ಲಿ ಗರಿ ತಾಗುತ್ತದೆಂದು ಇದನ್ನು ಬೇಡವೆನ್ನುವವರು ಮಡಿಸಬಹುದಾದ ಕಮಾನನ್ನು ಕೇಳಿ ಪಡೆಯಬೇಕು. ಕಮಾನು ನಿಂತಿರುವಾಗ ಸೊಂಟದ ಪಟ್ಟಿ ಕಟ್ಟಲೇಬೇಕು, ಮಡಿಸಿರುವಾಗ ಕಟ್ಟಬಾರದು. ತುಂಬಿದ ಬಕೆಟ್ಟನ್ನು ನೆಲಕ್ಕೆ ಸಮೀಪವಾಗಿಟ್ಟುಕೊಂಡೇ ಸಾಗಬೇಕು. ಎತ್ತಿ ನಿಲ್ಲಿಸಿದ ಬಕೆಟ್ಟಿನ ಕೆಳಗೆ ಯಾರೂ ಹೋಗಕೂಡದು. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋಟ ಸುತ್ತಿಸುವ ಅಕ್ಕರೆಯನ್ನು ಅಜ್ಜಂದಿರು ದಯಮಾಡಿ ಬೇರೆ ಬಗೆಯಲ್ಲಿ ತೋರಿಸಬೇಕು.

ಇಷ್ಟಾದ ಮೇಲೆ ಹಣದ ಪ್ರಶ್ನೆ. 2025ರ ಸೆಪ್ಟೆಂಬರ್ 22ರಿಂದ ಇಂತಹ ಟ್ರ್ಯಾಕ್ಟರುಗಳ ಮೇಲಿನ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿದಿದೆ. ಇದು ಸಂತೋಷದ ಸಂಗತಿಯೇ ಆದರೂ, ಅಗ್ಗವಾಯಿತೆಂಬ ಒಂದೇ ಕಾರಣಕ್ಕೆ ಬೇಡದ ವಸ್ತು ಬೇಕಾದುದಾಗುವುದಿಲ್ಲ. ಒಂದು ಹಾಳೆಯ ಮೇಲೆ ಹನ್ನೆರಡು ತಿಂಗಳುಗಳನ್ನು ಬರೆದು, ಪ್ರತಿಯೊಂದರ ಎದುರು ಟ್ರ್ಯಾಕ್ಟರಿಗೆ ಎಷ್ಟು ದಿನ, ಲೋಡರಿಗೆ ಎಷ್ಟು ದಿನ ನಿಜವಾದ ಕೆಲಸವಿದೆ ಎಂದು ಗುರುತುಹಾಕಿರಿ. ತೋಟದ ಕೆಲಸ ಬಲ್ಲ ಹೆಂಗಸರನ್ನು ಕೂರಿಸಿಕೊಂಡು ಬರೆದರೆ ಲೆಕ್ಕ ಸತ್ಯಕ್ಕೆ ಹತ್ತಿರವಾಗಿರುತ್ತದೆ. ಅಷ್ಟೇ ದಿನಗಳ ಬಾಡಿಗೆಯನ್ನು ಒಂದು ಕಡೆ, ವರ್ಷದ ಸಾಲದ ಕಂತು, ಡೀಸೆಲ್, ವಿಮೆ, ದುರಸ್ತಿ ಇವುಗಳನ್ನು ಇನ್ನೊಂದು ಕಡೆ ಇಟ್ಟು ತೂಗಿರಿ. ಮೂರು ಎಕರೆಯ ಮನೆಗೆ ತಕ್ಕಡಿ ಬಹುಶಃ ಬಾಡಿಗೆಯ ಕಡೆಗೇ ವಾಲುತ್ತದೆ. ತಮಿಳುನಾಡಿನ ಕೃಷಿ ಎಂಜಿನಿಯರಿಂಗ್ ಇಲಾಖೆಯೇ ರೈತರಿಗೆ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತದೆ. 2014-15ರಲ್ಲಿ ಆರಂಭವಾದ ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಬಾಡಿಗೆ ಕೇಂದ್ರಗಳಿಗೂ ಸಹಾಯಧನ ಸಲ್ಲುತ್ತ ಬಂದಿದೆ.

ಅಣ್ಣತಮ್ಮಂದಿರು, ಷಡ್ಡಕರು, ಪಕ್ಕದ ತೋಟದವರು ಕೂಡಿ ಹತ್ತು ಹದಿನೈದು ಎಕರೆಗೆ ಒಂದು ಟ್ರ್ಯಾಕ್ಟರೆಂದು ಕೊಂಡರೆ ಅದು ಬೇರೆ ಮಾತು. ಆಗಲೂ ಯಾರ ಹೆಸರಿನಲ್ಲಿ ನೋಂದಣಿ, ಯಾರು ಓಡಿಸುವವರು, ಕೆಟ್ಟರೆ ಖರ್ಚು ಯಾರದು ಎಂಬುದನ್ನು ಮೊದಲೇ ಕಾಗದದಲ್ಲಿ ಬರೆದಿಡಬೇಕು. ಬಾಂಧವ್ಯ ಉಳಿಯುವುದು ಬಾಯಿಮಾತಿಗಿಂತ ಬರಹದಲ್ಲಿ.

ಕೊಳ್ಳುವುದೆಂದು ನಿಶ್ಚಯಿಸಿದವರು ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆಯ ವರದಿಯನ್ನು ಕೇಳಿ ನೋಡಬೇಕು. ತೂಕ, ಎತ್ತುವ ಶಕ್ತಿ, ಬ್ರೇಕು ಎಲ್ಲವನ್ನೂ ಅಲ್ಲಿ ಅಳೆದಿರುತ್ತಾರೆ. ಲೋಡರನ್ನು ಹೊರಗಡೆ ಕಟ್ಟಿಸುವುದಾದರೆ ಕಂಪನಿಯ ಖಾತರಿ ಉಳಿಯುತ್ತದೆಯೇ ಎಂಬುದನ್ನು ಲಿಖಿತವಾಗಿ ಪಡೆಯಬೇಕು. ಬಿಡಿಭಾಗವೂ ಬಲ್ಲ ಮೆಕ್ಯಾನಿಕ್ಕೂ ಪೊಳ್ಳಾಚಿಯಲ್ಲಿಯೇ ಸಿಕ್ಕುವಂತಿರಬೇಕು. ಕಡೆಯದಾಗಿ, ಯಂತ್ರವನ್ನು ಅಂಗಡಿಯ ಅಂಗಳದಲ್ಲಿ ನೋಡಿ ಒಪ್ಪದೆ ನಿಮ್ಮ ತೋಟಕ್ಕೇ ತರಿಸಿ, ನಿಮ್ಮ ಬಾಳೆಯ ಸಾಲಿನಲ್ಲಿಯೇ ತಿರುಗಿಸಿ, ನಿಮ್ಮ ಗೊಬ್ಬರದ ಗುಡ್ಡೆಯನ್ನೇ ಎತ್ತಿಸಿ ನೋಡಿರಿ. ಸೆರಗು ಬಿಡಿಸಿ ನೋಡದೆ ಸೀರೆ ಕೊಳ್ಳದ ನಮ್ಮ ಜನಕ್ಕೆ ಈ ಎಚ್ಚರಿಕೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.