ಸೌಭದ್ರದಲ್ಲಿ ಸಖ್ಯವೂ ಪ್ರೇಮವೂ

ಮಿತ್ರನು ಬಯಸಿದುದನ್ನು ದೊರಕಿಸಿಕೊಡುವವನೇ ನಿಜವಾದ ಸಖನೆಂದು ಲೋಕದಲ್ಲಿ ಹೇಳುವರು. ಆದರೆ ಬಯಸಿದುದು ವಸ್ತುವಾಗಿರದೆ ಒಬ್ಬ ಕನ್ಯೆಯಾಗಿದ್ದರೆ ಸಖನು ಏನು ಮಾಡತಕ್ಕುದು? ಇತ್ತೀಚೆಗೆ ಬೆಳಗಾವಿಯಲ್ಲಿ ‘ಸಂಗೀತ ಸೌಭದ್ರ’ವೆಂಬ ಮರಾಠೀ ನಾಟಕವನ್ನು ನೋಡಿದಾಗ ಈ ಪ್ರಶ್ನೆಯು ನಮ್ಮ ಮನಸ್ಸಿನಲ್ಲಿ ಎದ್ದಿತು.

ಇದನ್ನು ರಚಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮಗೆ ಹೊರಗಿನವರಲ್ಲ. ಅವರು 1843ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಜನಿಸಿದವರು. 1880ರಲ್ಲಿ ಪುಣೆಯಲ್ಲಿ ಶಾಕುಂತಲವನ್ನು ಮರಾಠಿಯಲ್ಲಿ ಆಡಿಸಿ, 1882ರಲ್ಲಿ ಸೌಭದ್ರವನ್ನು ರಂಗಕ್ಕೆ ತಂದರು. ಅವರಿಗಿಂತ ಮೊದಲು ಮರಾಠೀ ನಾಟಕಗಳಲ್ಲಿ ಪದಗಳನ್ನು ಬಹುಮಟ್ಟಿಗೆ ಸೂತ್ರಧಾರನೇ ಹಾಡುತ್ತಿದ್ದನು; ಇವರು ಅವುಗಳನ್ನು ಪಾತ್ರಗಳ ಬಾಯಲ್ಲಿಯೇ ಇಟ್ಟರು.

ಕಥೆಯು ಸರ್ವವಿದಿತವಾದುದು. ತೀರ್ಥಯಾತ್ರೆಯಲ್ಲಿದ್ದ ಅರ್ಜುನನು ಸುಭದ್ರೆಯನ್ನು ಬಯಸಿರುವನು. ಬಲರಾಮನಾದರೋ ಆಕೆಯನ್ನು ದುರ್ಯೋಧನನಿಗೆ ಕೊಡಲು ನಿಶ್ಚಯಿಸಿರುವನು. ಶ್ರೀಕೃಷ್ಣನು ಅಣ್ಣನೊಡನೆ ಕಲಹಕ್ಕೆ ನಿಲ್ಲದೆ ಉಪಾಯವನ್ನು ಹೂಡುವನು. ಅರ್ಜುನನು ಯತಿವೇಷದಿಂದ ಬರುವನು. ಬಲರಾಮನೇ ಭಕ್ತಿಯಿಂದ ಆ ಯತಿಯ ಸೇವೆಗೆ ತಂಗಿಯನ್ನು ನೇಮಿಸುವನು. ಸಭಿಕರು ನಗುವರು.

ವ್ಯಾಸರ ಆದಿಪರ್ವವನ್ನು ಓದಿದವರಿಗೆ ಇಲ್ಲೊಂದು ಭೇದವು ಕಾಣಬರುವುದು. ಅಲ್ಲಿ ಕೃಷ್ಣನು, ಸ್ವಯಂವರದಲ್ಲಿ ಕನ್ಯೆಯ ಮನಸ್ಸು ಹೇಗೆ ತಿರುಗುವುದೋ ತಿಳಿಯದು, ಆದಕಾರಣ ಕ್ಷತ್ರಿಯಧರ್ಮದಂತೆ ಅಪಹರಿಸೆಂದು ಅರ್ಜುನನಿಗೆ ಬೋಧಿಸುವನು. ದೂತರನ್ನಟ್ಟಿ ಯುಧಿಷ್ಠಿರನ ಅನುಮತಿಯನ್ನು ಪಡೆಯುವರು. ಸುಭದ್ರೆಯ ಅನುಮತಿಯನ್ನು ಕೇಳಿದವರಿಲ್ಲ. ತರುವಾಯ ಬಲರಾಮನು ಕೆರಳಿದಾಗ, ಕನ್ಯೆಯನ್ನು ಪಶುವಿನಂತೆ ದಾನಮಾಡುವುದನ್ನು ಯಾರು ಒಪ್ಪುವರೆಂದು ಕೇಳಿದವನೂ ಆ ಕೃಷ್ಣನೇ! ಮಾತು ದೊಡ್ಡದು, ಆದರೆ ಅದು ಬಂದುದು ಅಪಹರಣವು ಮುಗಿದ ಬಳಿಕ.

ಕಿರ್ಲೋಸ್ಕರರ ಸುಭದ್ರೆಯು ಮೊದಲೇ ಅರ್ಜುನನಲ್ಲಿ ಮನವಿಟ್ಟವಳು. ತನ್ನ ಸಂಕಟವನ್ನೂ ಆಸೆಯನ್ನೂ ತಾನೇ ಹಾಡಿ ಹೇಳುವಳು. ಸಂಗೀತವು ಇಲ್ಲಿ ಬರಿಯ ಅಲಂಕಾರವಲ್ಲ. ಪುರಾಣದಲ್ಲಿ ಮೌನವಾಗಿದ್ದವಳಿಗೆ ಅದು ಮಾತನ್ನು ಕೊಟ್ಟಿದೆ. ಆದುದರಿಂದಲೇ ಕೃಷ್ಣನ ಕಪಟವು ನಮಗೆ ಸಹ್ಯವಾಗುವುದು. ಅವನು ಗೆಳೆಯನಿಗೆ ತಂಗಿಯನ್ನು ಒಪ್ಪಿಸುವವನಲ್ಲ, ಕೂಡಬಯಸಿದ ಇಬ್ಬರನ್ನು ಕೂಡಿಸುವವನು.

ಆ ಕಾಲದಲ್ಲಿ ಸುಭದ್ರೆಯ ಪಾತ್ರವನ್ನು ವಹಿಸಿ ಕೀರ್ತಿವೆತ್ತವರು ಭಾವೂರಾವ್ ಕೊಲ್ಹಟಕರರು. ಕನ್ಯೆಯ ಅಂತರಂಗವನ್ನು ಹಾಡಲು ಅಂದು ಪುರುಷನೇ ಬೇಕಾಯಿತು. ನಾವು ನೋಡಿದ ಪ್ರಯೋಗದಲ್ಲಿ ತರುಣಿಯೊಬ್ಬಳು ಹಾಡಿದಳು. ಪದವು ತನ್ನ ಒಡತಿಯನ್ನು ಸೇರಿದಂತೆ ನಮಗೆ ತೋರಿತು.

ಬಲರಾಮನು ದುಷ್ಟನಲ್ಲ. ತಂಗಿಯ ಹಿತವನ್ನೇ ಬಯಸಿದವನು. ಆಕೆಯನ್ನು ಕೇಳಲಿಲ್ಲ, ಅಷ್ಟೇ. ಅವನನ್ನು ನೋಡಿ ನಕ್ಕವರಲ್ಲಿ ಹೆಣ್ಣುಮಕ್ಕಳ ತಂದೆಯರೂ ಅಣ್ಣಂದಿರೂ ಅನೇಕರಿದ್ದರು. ಮನೆಯಲ್ಲಿ ಸಂಬಂಧದ ಮಾತು ಬಂದಾಗ, ಜಾತಕವನ್ನು ಬಿಚ್ಚುವ ಮುನ್ನ ಮಗಳನ್ನು ಬಳಿಗೆ ಕರೆದು ಕೇಳಿದರೆ, ಯಾವ ಕೃಷ್ಣನೂ ಉಪಾಯವನ್ನು ಹೂಡಬೇಕಾಗದು.